ಗಣಕದ ಬಾಗಿಲು

ಹಲವರು ಬಳಸುವ ಒಂದು ಗಣಕಯಂತ್ರ. ವಿದ್ಯಾರ್ಥಿಯೊಬ್ಬನು ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ತಪ್ಪಿಲ್ಲದೆ ಬರೆಯುತ್ತಾನೆ. ಪರದೆ ಕ್ಷಣಕಾಲ ಕಪ್ಪಾಗಿ, ಪ್ರವೇಶದ ಪುಟವೇ ಮರಳಿ ಎದುರು ನಿಲ್ಲುತ್ತದೆ. ಉಳಿದ ವಿದ್ಯಾರ್ಥಿಗಳ ಅನುಭವವೂ ಇದೇ. ಆದರೆ ಯಂತ್ರದ ಮೇಲ್ವಿಚಾರಕನು ಮಾತ್ರ ನಿರಾತಂಕವಾಗಿ ಒಳಹೋಗುತ್ತಾನೆ. ಇದಕ್ಕೆ ಕಾರಣವೇನು?

ಕಾರಣವನ್ನರಿಯಲು ಆ ಯಂತ್ರವನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ಸ್ವರೂಪವನ್ನು ತಿಳಿಯಬೇಕು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದರ ತಿರುಳನ್ನು ರಚಿಸಿ ಪ್ರಕಟಿಸಿದರು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್ ಇದಕ್ಕೆ ಮಾದರಿ. ಎರಡರಲ್ಲಿಯೂ ಪ್ರತಿಯೊಂದು ಕಡತಕ್ಕೂ ಒಡೆಯನಿರುತ್ತಾನೆ. ಅದನ್ನು ಯಾರು ಓದಬಹುದು, ಯಾರು ಬರೆಯಬಹುದು ಎಂಬುದು ನಿಗದಿಯಾಗಿರುತ್ತದೆ. 'ರೂಟ್' ಎಂಬ ಮೇಲ್ವಿಚಾರಕನ ಖಾತೆಗೆ ಮಾತ್ರ ಈ ಕಟ್ಟಳೆಗಳು ಅಡ್ಡಿಯಾಗವು. ಆದುದರಿಂದ ರೂಟ್‌ಗೆ ತೆರೆದ ಬಾಗಿಲು ಇತರರೆಲ್ಲರಿಗೂ ಮುಚ್ಚಿದ್ದರೆ, ದೋಷವು ಅನುಮತಿಯಲ್ಲಿರಬಹುದೆಂದು ಊಹಿಸಬೇಕು.

ಊಹೆಯನ್ನು ಪರೀಕ್ಷಿಸದೆ ನಂಬಬಾರದು. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಬರಿಯ ಅಕ್ಷರಗಳ ಪರದೆ ದೊರೆಯುತ್ತದೆ. ವಿದ್ಯಾರ್ಥಿಯು ಅಲ್ಲಿ ಒಳಹೋಗಬಲ್ಲನಾದರೆ ಪಾಸ್‌ವರ್ಡಿನಲ್ಲಿ ದೋಷವಿಲ್ಲ. ಡಿಸ್ಕ್ ತುಂಬಿದೆಯೇ ಎಂಬುದನ್ನು 'ಡಿಎಫ್' ಆದೇಶ ತಿಳಿಸುತ್ತದೆ. ಅಲ್ಲಿ ಸ್ಥಳವಿದ್ದರೆ 'ಟಿಎಂಪಿ' ಎಂಬ ಕಡತಕೋಶವನ್ನು 'ಸ್ಟ್ಯಾಟ್' ಆದೇಶದಿಂದ ಪರೀಕ್ಷಿಸಬೇಕು.

ಟಿಎಂಪಿ ಊರಿನ ಛತ್ರವಿದ್ದಂತೆ. ಒಳಬರುವವರ ಕೆಲಸಕ್ಕೆ ಬೇಕಾದ ತಾತ್ಕಾಲಿಕ ಕಡತಗಳು ಇಲ್ಲಿ ತಂಗುತ್ತವೆ. ಇಲ್ಲಿ ಯಾರು ಬೇಕಾದರೂ ತಮ್ಮ ಗಂಟನ್ನು ಇಳಿಸಬಹುದು. ಪರರ ಗಂಟನ್ನು ಎತ್ತುವಂತಿಲ್ಲ. ಈ ನಿಯಮದ ಸಂಕೇತ 1777. ಮೂರು ಏಳುಗಳು ಎಲ್ಲರಿಗೂ ಹಕ್ಕನ್ನು ಕೊಡುತ್ತವೆ. ಮೊದಲಿನ ಒಂದು ಪರರ ಸೊತ್ತನ್ನು ಕಾಯುತ್ತದೆ. ಯಾರದೋ ಅಜಾಗರೂಕತೆಯಿಂದ ಇದು 755 ಆಗಿದ್ದರೆ, ಬರೆಯುವ ಹಕ್ಕು ಒಡೆಯನಾದ ರೂಟ್‌ಗಷ್ಟೇ ಉಳಿಯುತ್ತದೆ. ಮೇಲ್ವಿಚಾರಕನು 'ಸಿಎಚ್‌ಮಾಡ್' ಆದೇಶದಿಂದ 1777ನ್ನು ಮರಳಿ ಸ್ಥಾಪಿಸಿದರೆ ಈ ಅಡ್ಡಿ ನಿವಾರಣೆಯಾಗುತ್ತದೆ.

ಇಂತಹ ಸಂದರ್ಭದಲ್ಲಿ ಎರಡು ಸುಲಭೋಪಾಯಗಳು ಮನಸ್ಸನ್ನು ಸೆಳೆಯುತ್ತವೆ. ಎಲ್ಲರಿಗೂ ರೂಟ್‌ನ ಪಾಸ್‌ವರ್ಡನ್ನು ಕೊಡುವುದು ಒಂದು. ಮೊದಲಿನ ಒಂದನ್ನು ಬಿಟ್ಟು 777 ಎಂದಷ್ಟೇ ಬರೆಯುವುದು ಇನ್ನೊಂದು. ಮೊದಲನೆಯದರಿಂದ ಒಬ್ಬನ ಕೈತಪ್ಪು ಇಡೀ ವ್ಯವಸ್ಥೆಯನ್ನೇ ಕೆಡಿಸಬಲ್ಲುದು. ಎರಡನೆಯದರಿಂದ ಒಬ್ಬನ ಕಡತವನ್ನು ಮತ್ತೊಬ್ಬನು ಅಳಿಸಬಲ್ಲನು. ಬಾಗಿಲು ತೆರೆದ ಮೇಲೂ ಪ್ರತಿಯೊಬ್ಬನ ಗಂಟು ಸುರಕ್ಷಿತವಾಗಿ ಉಳಿಯುವಂತೆ ಮಾಡುವುದೇ ನಿಜವಾದ ದುರಸ್ತಿ.

ಅಭ್ಯಾಸ

1. ದೋಷವು ಅನುಮತಿಯಲ್ಲಿರಬಹುದೆಂದು ಊಹಿಸಲು ಆಧಾರವೇನು?
2. ಟಿಎಂಪಿಯನ್ನು ಛತ್ರಕ್ಕೆ ಹೋಲಿಸಿರುವುದರ ಔಚಿತ್ಯವನ್ನು ವಿವರಿಸಿ.