ಪಾತ್ರ ಬಿಡಲಿಲ್ಲ, ಸಾಲ ಬಿಟ್ಟಿತು

ಬೆಳೆ ಬಗ್ಗೆ, ಗೊಬ್ಬರದ ಬಗ್ಗೆ ಬರೆಯುವ ನಾವು ಸಾಲದ ಬಗ್ಗೆ ಮಾತ್ರ ಬರೆಯುವುದಿಲ್ಲ. ಮರ್ಯಾದೆ ಅಡ್ಡ ಬರುತ್ತದೆ. ನನಗೂ ಬಂದಿತ್ತು. ಈಗ ಸಾಲ ತೀರಿರುವುದರಿಂದ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ನಮ್ಮೂರು ಹೊಸಕೋಟೆ ತಾಲೂಕು. ಮೂರು ಎಕರೆ ಜಮೀನು. ಎರಡು ಎಕರೆಯಲ್ಲಿ ಮಳೆ ನಂಬಿದ ರಾಗಿ. ಒಂದು ಎಕರೆಗೆ ಬೋರ್‌ವೆಲ್ ನೀರು, ಅಲ್ಲಿ ಕೊತ್ತಂಬರಿ, ಮೆಂತ್ಯ, ದಂಟು, ಸಬ್ಬಸಿಗೆ. ಎರಡು ಸೀಮೆ ಹಸು. ವಾರಕ್ಕೆರಡು ದಿನ ಊರಿನವರೆಲ್ಲ ಸೇರಿ ಟೆಂಪೋದಲ್ಲಿ ಹಲಸೂರು, ಶಿವಾಜಿನಗರದ ಮಾರುಕಟ್ಟೆಗೆ ಸೊಪ್ಪು ಸಾಗಿಸುತ್ತೇವೆ. ಟೆಂಪೋದವನು ಅಲ್ಲಿಂದ ಬೇರೆ ಬಾಡಿಗೆಗೆ ಹೋಗುತ್ತಾನೆ. ನಾವು ಸಿಟಿ ಬಸ್ ಹಿಡಿದು ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ಹೊಸಕೋಟೆ ಬಸ್ಸಿಗೆ ಕಾಯುತ್ತೇವೆ. ನನ್ನ ಸಾಲದ ಪಾಠಶಾಲೆ ಇದೇ ಟಿನ್ ಫ್ಯಾಕ್ಟರಿ ಬಸ್ ಸ್ಟಾಪು.

ಸಾಲ ಬಂದ ದಾರಿ

2019ರಲ್ಲಿ ಮಗಳ ಮದುವೆ. ಕೈಸಾಲ ಮಾಡಿದೆ. 2020ರ ಲಾಕ್‌ಡೌನ್‌ನಲ್ಲಿ ಸೊಪ್ಪು ಕೇಳುವವರಿಲ್ಲದೆ ಮಡಿಯಲ್ಲೇ ಉತ್ತು ಹಾಕಿದೆ, ಮನೆಯಾಕೆಯ ಒಡವೆ ಅಡ ಇಟ್ಟೆ. ಅವಳ ಹೆಸರಲ್ಲಿ ಮೈಕ್ರೋ ಫೈನಾನ್ಸ್ ಸಾಲ, ಮಗನ ಬೈಕ್ ಸಾಲ, ಹಿಂಡಿ-ಬೂಸಾ ಅಂಗಡಿಯ ಉದ್ರಿ ಒಂದರ ಹಿಂದೆ ಒಂದು ಬಂದವು.

2021ರ ಜುಲೈನಲ್ಲಿ ಹಟ ತೊಟ್ಟೆ. ಇನ್ನು ಚಹಾ ಇಲ್ಲ, ಭಾನುವಾರದ ಕೋಳಿ ಇಲ್ಲ, ನಾಟಕವಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಎಲ್ಲರ ಮುಖವೂ ಸಪ್ಪೆ. ಮೂರು ತಿಂಗಳು ನಡೆಯಿತು. ದಸರಾ ವಾರದಲ್ಲಿ ಕಟ್ಟೆ ಒಡೆಯಿತು. ಹೊಸ ಬಟ್ಟೆ, ಹೊಸ ಮೊಬೈಲು, ನೆಂಟರಿಗೆ ಊಟ ಎಂದು 14,000 ರೂ. ಖರ್ಚು. ಅದರಲ್ಲಿ 10,000 ಮತ್ತೆ ಕೈಸಾಲ! ಮೂರು ತಿಂಗಳು ಹೊಟ್ಟೆ ಕಟ್ಟಿ ಉಳಿಸಿದ್ದಕ್ಕಿಂತ ಜಾಸ್ತಿ ಒಂದೇ ವಾರದಲ್ಲಿ ಹೋಯಿತು. ಅದರ ಮೇಲೆ ನವೆಂಬರ್ ಮಳೆಗೆ ರಾಗಿ ತೆನೆಯಲ್ಲೇ ಮೊಳೆಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ ಟಿನ್ ಫ್ಯಾಕ್ಟರಿಯಲ್ಲಿ ಕುಂತಿದ್ದೆ. ಚಿಂತಾಮಣಿ ಕಡೆಯಿಂದ ಹೂವು ತರುವ ತಾತ ಒಬ್ಬರು ಚಹಾ ಕುಡಿಯುತ್ತಿದ್ದರು.

"ಏನಪ್ಪಾ, ದಿನಾ ಕುಡೀತಿದ್ದೋನು ಟೀ ಯಾಕ್ ಬಿಟ್ಟೆ?"

"ಸಾಲ ತೀರ್ಬೇಕಲ್ಲ ತಾತ. ಎಲ್ಲಾ ಬಿಟ್ಟಿದ್ದೀನಿ."

"ಸಾಲ ತೀರ್‍ತಾ?"

"ಇಲ್ಲ. ಇನ್ನೂ ಜಾಸ್ತಿ ಆಯ್ತು."

"ಹಸೀಗೆ ಮೇವು ನಿಲ್ಸಿ ಹಾಲು ಕರೀತೀನಿ ಅಂದ್ರೆ ಎಷ್ಟು ದಿನ ಕೊಟ್ಟಾತು? ಮೇವು ಅಳೆದು ಹಾಕು. ಮೊದ್ಲು ಬಡ್ಡಿ ಯಾವ್ಯಾವ ಬಿಲದಿಂದ ಹೋಗ್ತಾ ಐತೆ ನೋಡ್ಕೊ."

ಅವರು ಅಷ್ಟು ಹೇಳಿ ಬಸ್ ಹತ್ತಿದರು. ನಾನು ಹತ್ತು ರೂಪಾಯಿಯ ಒಂದು ನೋಟ್ ಪುಸ್ತಕ ಕೊಂಡುಕೊಂಡೆ.

ಬಿಲಗಳ ಪಟ್ಟಿ

2022ರ ಸಂಕ್ರಾಂತಿಗೆ ಬರೆದ ಲೆಕ್ಕ ಹೀಗಿತ್ತು. (ಬೆಳೆ ಸಾಲ ಇದರಲ್ಲಿ ಸೇರಿಲ್ಲ.)

1. ಕೈಸಾಲ 80,000 ರೂ. ತಿಂಗಳಿಗೆ ನೂರಕ್ಕೆ ಮೂರು. ಬಡ್ಡಿ 2,400.
2. ಒಡವೆ ಸಾಲ 1,00,000. ನೂರಕ್ಕೆ ಒಂದೂವರೆ. ಬಡ್ಡಿ 1,500.
3. ಮೈಕ್ರೋ ಫೈನಾನ್ಸ್ 40,000. ಸುಮಾರು ನೂರಕ್ಕೆ ಎರಡು. ಬಡ್ಡಿ 800. ಕಂತು 2,700, ಇನ್ನೂ 18 ಕಂತು.
4. ಬೈಕ್ ಸಾಲ 33,000. ಬಡ್ಡಿ ಸುಮಾರು 400. ಕಂತು 3,000, ಇನ್ನೂ 12 ಕಂತು.
5. ಅಂಗಡಿ ಉದ್ರಿ 12,000. ಬಡ್ಡಿ ಇಲ್ಲ.

ಒಟ್ಟು 2,65,000 ರೂ. ಆದಾಯ ಎಷ್ಟು? ಖರ್ಚು ಕಳೆದು ಸೊಪ್ಪಿನಿಂದ ತಿಂಗಳಿಗೆ 14,000, ಹಾಲಿನಿಂದ 6,000. ಒಟ್ಟು 20,000. ಅದರಲ್ಲಿ 9,600 ಕಂತು-ಬಡ್ಡಿಗೇ ಹೋಗುತ್ತಿತ್ತು. ಆದರೂ ಕೈಸಾಲ, ಒಡವೆ ಸಾಲದ ಅಸಲು ಒಂದು ರೂಪಾಯಿಯೂ ಇಳಿಯುತ್ತಿರಲಿಲ್ಲ.

"ನೂರಕ್ಕೆ ಮೂರು" ಅಂದಾಗ ಮೂರೇ ರೂಪಾಯಿ ಅನ್ನಿಸುತ್ತದೆ. ಅದು ತಿಂಗಳಿಗೆ. ವರ್ಷಕ್ಕೆ ಶೇ. 36. ಬ್ಯಾಂಕಿನವರು ಹೇಳುವುದು ವರ್ಷದ ಲೆಕ್ಕ, ಊರಿನವರು ಹೇಳುವುದು ತಿಂಗಳ ಲೆಕ್ಕ. ಎರಡನ್ನೂ ಒಂದೇ ಅಳತೆಗೆ ತರದೆ ಹೋಲಿಸಬಾರದು.

ಐದನೆಯದನ್ನು ಬರೆಯುವಾಗ ಮನೆಯಾಕೆ ಕೇಳಿದಳು: "ಉದ್ರಿ ಮೂಟೆಗೂ ನಗದು ಮೂಟೆಗೂ ಒಂದೇ ರೇಟಾ?" ಮಾರನೇ ದಿನ ವಿಚಾರಿಸಿದೆ. ನಗದು ಕೊಟ್ಟರೆ ಪಶು ಆಹಾರದ ಮೂಟೆಗೆ 60 ರೂ. ಕಮ್ಮಿ! ನಮಗೆ ತಿಂಗಳಿಗೆ ಆರು ಮೂಟೆ ಬೇಕು. ಅಂದರೆ 360 ರೂ. 12,000ಕ್ಕೆ 360 ಎಂದರೆ ನೂರಕ್ಕೆ ಮೂರೇ ಆಯಿತು. ಬಡ್ಡಿ ಇಲ್ಲದ ಸಾಲ ಎಂದು ನಾನು ನಂಬಿದ್ದುದು ಕೈಸಾಲದಷ್ಟೇ ದುಬಾರಿ. ಐದೂ ಸೇರಿ ತಿಂಗಳಿಗೆ 5,460 ರೂ. ಸೋರುತ್ತಿತ್ತು.

ಮೊದಲು ಬಡ್ಡಿ ಇಳಿಸಿದೆ

ಚಹಾ ಬಿಟ್ಟರೆ ತಿಂಗಳಿಗೆ ಉಳಿಯುವುದು ಇನ್ನೂರೋ ಮುನ್ನೂರೋ. ಬಡ್ಡಿ ಇಳಿಸಿದರೆ ಸಾವಿರದ ಲೆಕ್ಕದಲ್ಲಿ ಉಳಿಯುತ್ತದೆ. ಇದು ನಾನು ಕಲಿತ ಮೊದಲ ಪಾಠ.

ಮನೆಯಲ್ಲಿ ಇನ್ನೂ ಕರು ಹಾಕದ ಒಂದು ಕಡಸು ಇತ್ತು. 35,000ಕ್ಕೆ ಮಾರಿ ನೇರವಾಗಿ ಕೈಸಾಲದ ಅಸಲಿಗೆ ಕಟ್ಟಿದೆ. ಉಳಿದದ್ದು 45,000. ಮಾರುವಾಗ ಸಂಕಟವಾಯಿತು. ಆದರೆ ಅದು ಕರು ಹಾಕುವವರೆಗೆ ಮೇವಿನ ಖರ್ಚಿನ ಜೊತೆ ತಿಂಗಳಿಗೆ 1,050 ಬಡ್ಡಿಯನ್ನೂ ತಿನ್ನುತ್ತಿತ್ತು.

ಎರಡನೆಯದು ಒಡವೆ. ಪಹಣಿ ತೋರಿಸಿದರೆ ಬ್ಯಾಂಕಿನಲ್ಲಿ ಒಡವೆ ಮೇಲೆ ಕೃಷಿ ಸಾಲ ಸಿಗುತ್ತದೆ. ನನಗೆ ವರ್ಷಕ್ಕೆ ಶೇ. 9ರಂತೆ ಸಿಕ್ಕಿತು. ತೊಂದರೆ ಏನೆಂದರೆ, ಮೊದಲು ಹಳೆ ಕಡೆ ದುಡ್ಡು ಕಟ್ಟಿದರೆ ತಾನೇ ಒಡವೆ ಕೈಗೆ ಬರುವುದು? ಭಾವಮೈದನ ಹತ್ತಿರ ಒಂದೇ ದಿನಕ್ಕೆ ಹಣ ಪಡೆದು, ಬೆಳಿಗ್ಗೆ ಬಿಡಿಸಿ, ಮಧ್ಯಾಹ್ನ ಬ್ಯಾಂಕಿನಲ್ಲಿಟ್ಟು, ಸಂಜೆ ಅವನಿಗೆ ವಾಪಸ್ ಕೊಟ್ಟೆ. ತಿಂಗಳ ಬಡ್ಡಿ 1,500ರಿಂದ 750ಕ್ಕೆ ಇಳಿಯಿತು.

ಎರಡೂ ಸೇರಿ ತಿಂಗಳಿಗೆ 1,800 ರೂ. ಉಳಿತಾಯ. ಅಷ್ಟರಲ್ಲಿ ಒಂದು ಲೋಟ ಚಹಾ ಕೂಡಾ ಬಿಟ್ಟಿರಲಿಲ್ಲ.

ಮೂರು ಕವರು

ನಮ್ಮ ದುಡ್ಡು ಸೋರುವುದು ಮಾರುಕಟ್ಟೆಗೂ ಮನೆಗೂ ನಡುವೆ. ಟಿನ್ ಫ್ಯಾಕ್ಟರಿಯಲ್ಲಿ ನಿಂತರೆ ಕಣ್ಣು ಹೋದ ಕಡೆ ಏನಾದರೊಂದು ಮಾರುತ್ತಿರುತ್ತಾರೆ. ಅದಕ್ಕೆ ಅಲ್ಲೇ ಬಸ್ ಬರುವ ಮುಂಚೆ ಹಣ ಎಣಿಸಿ ಮೂರು ಕವರಿಗೆ ಹಾಕುವ ಅಭ್ಯಾಸ ಮಾಡಿದೆ. ಹಾಲಿನ ಬಟವಾಡೆಗೂ ಇದೇ ಪದ್ಧತಿ. ತಿಂಗಳಿಗೆ ಮನೆಗೆ 9,500, ಸಾಲಕ್ಕೆ 9,000, ಖುಷಿಗೆ 1,500.

ಖುಷಿಯ 1,500 ಹೀಗೆ: ಸಂತೆ ದಿನದ ಚಹಾ-ಇಡ್ಲಿಗೆ 350, ತಿಂಗಳಿಗೆರಡು ಭಾನುವಾರದ ಕೋಳಿಗೆ 450, ನಾಟಕಕ್ಕೆ 400. ಮೊದಲು ನಾಟಕಕ್ಕೆ 700 ಬರೆದಿದ್ದೆ. ಮನೆಯಾಕೆ "ಖುಷಿ ಅನ್ನೋದು ನಿಮಗೊಬ್ಬರಿಗೇ ಏನು?" ಎಂದಳು. 300 ಅವಳ ಹೆಸರಿಗೆ ಬರೆದೆ. ಅದಕ್ಕೆ ಲೆಕ್ಕ ಕೇಳಬಾರದು ಎಂದು ಕರಾರು. ತವರಿಗೆ ಹೋಗಿಬರುವ ಬಸ್ ಚಾರ್ಜು ಅದರಲ್ಲೇ ಆಗುತ್ತಿತ್ತು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಆ ದುಡ್ಡಿನಲ್ಲಿ ಎರಡು ರೇಷ್ಮೆ ಕುಪ್ಪಸ ಹೊಲಿಸಿಕೊಂಡಳು.

ನಾಟಕದ ವಿಷಯ ಹೇಳಲೇಬೇಕು. ನಮ್ಮ ಕಡೆ ಕುರುಕ್ಷೇತ್ರ ನಾಟಕ ಆಡುವವರಿಗೆ ಯಾರೂ ದುಡ್ಡು ಕೊಡುವುದಿಲ್ಲ. ನಾವೇ ಕೊಟ್ಟು ಆಡಬೇಕು. ಹಾರ್ಮೋನಿಯಂ ಮೇಷ್ಟರು, ಸೀನರಿ, ಡ್ರೆಸ್ಸು ಎಲ್ಲ ಖರ್ಚೂ ಪಾತ್ರಧಾರಿಗಳ ಮೇಲೆ. ಪಾತ್ರ ದೊಡ್ಡದಾದರೆ ವಂತಿಗೆಯೂ ದೊಡ್ಡದು. ನಾನು ದುರ್ಯೋಧನನ ಪಾತ್ರದವನು. ಹಿಂದೆ ವಂತಿಗೆ, ಹಾರ, ಬಂದವರಿಗೆ ಊಟ ಸೇರಿ 20,000 ಮುಟ್ಟುತ್ತಿತ್ತು. ಈಗ ಇದ್ದದ್ದು ತಿಂಗಳಿಗೆ 400ರಂತೆ ವರ್ಷಕ್ಕೆ 4,800. ಮೇಷ್ಟರ ಹತ್ತಿರ ಹೋಗಿ ವಿದುರನ ಪಾತ್ರ ಕೇಳಿದೆ. ಊರಲ್ಲಿ ನಕ್ಕರು. "ದುರ್ಯೋಧನ ವಿದುರ ಆಗ್ಬುಟ್ಟ" ಎಂದರು. ಆದರೆ ನಾಟಕ ಬಿಟ್ಟ ವರ್ಷ ಮನಸ್ಸಿಗೆ ಹಿಡಿದಿದ್ದ ಮಂಕು ಆ ರಾತ್ರಿ ಬಿಟ್ಟಿತು. ವಿದುರನ ಮಾತು ಕೇಳದೆ ಕೌರವರು ಕೆಟ್ಟ ಕಥೆ, ಸಾಲಗಾರನ ಬಾಯಲ್ಲಿ ಇನ್ನೂ ಚೆನ್ನಾಗಿ ಬಂದಿತೋ ಏನೋ!

ಇಷ್ಟವಾದದ್ದನ್ನು ಬಿಡಬೇಕಾಗಿಲ್ಲ, ಅಳತೆ ಬದಲಿಸಿದರೆ ಸಾಕು. ಇದು ಎರಡನೇ ಪಾಠ.

ತೀರಿದ ಕ್ರಮ

ಸಾಲದ ಕವರಿನ 9,000ದಲ್ಲಿ ಬೈಕ್ ಕಂತು, ಮೈಕ್ರೋ ಫೈನಾನ್ಸ್ ಕಂತು, ಒಡವೆಯ ಬಡ್ಡಿ, ಕೈಸಾಲದ ಬಡ್ಡಿ ಹೋಗಿ 1,200 ಉಳಿಯುತ್ತಿತ್ತು. ಅದನ್ನು ಅಂಗಡಿಗೆ ಕಟ್ಟಿದೆ. ಉದ್ರಿಯೂ ಕೈಸಾಲವೂ ನೂರಕ್ಕೆ ಮೂರೇ ಆದ್ದರಿಂದ ಚಿಕ್ಕದನ್ನು ಮೊದಲು ಹಿಡಿದೆ. ಹತ್ತು ತಿಂಗಳಿಗೆ ಉದ್ರಿ ಚುಕ್ತಾ. 2023ರ ಜನವರಿಗೆ ಬೈಕ್ ಸಾಲವೂ ಮುಗಿಯಿತು. ಕಂತು ಮುಗಿದ ಹಣ ಮನೆ ಖರ್ಚಿಗೆ ಜಾರಲು ಬಿಡಲಿಲ್ಲ, ಸಾಲದ ಕವರಿನಲ್ಲೇ ಉಳಿಸಿದೆ. ಇದು ಬಹಳ ಮುಖ್ಯ.

ಆ ಸಲ ರಾಗಿ ಕೈ ಹಿಡಿಯಿತು. ಮನೆಗೆ ಇಟ್ಟುಕೊಂಡು 18 ಕ್ವಿಂಟಲನ್ನು ಬೆಂಬಲ ಬೆಲೆ ಕೇಂದ್ರಕ್ಕೆ ಕೊಟ್ಟೆ. 2022-23ರ ಬೆಲೆ ಕ್ವಿಂಟಲಿಗೆ 3,578. ಬಂದದ್ದು 64,404 ರೂ. ಸೊಸೈಟಿಯ ಬೆಳೆ ಸಾಲ 20,000 ಮೊದಲು ಕಟ್ಟಿದೆ. ಸಕಾಲಕ್ಕೆ ಕಟ್ಟಿದರೆ ಅದಕ್ಕೆ ಬಡ್ಡಿ ಇಲ್ಲ. (ಆಗ ಬಡ್ಡಿ ಇಲ್ಲದ ಅಲ್ಪಾವಧಿ ಸಾಲದ ಮಿತಿ 3 ಲಕ್ಷ ಇತ್ತು, 2023-24ರಿಂದ 5 ಲಕ್ಷ.) ಉಳಿದದ್ದಕ್ಕೆ ಮೂರು ತಿಂಗಳ ಉಳಿಕೆ 12,600 ಸೇರಿಸಿ ಏಪ್ರಿಲ್‌ನಲ್ಲಿ ಕೈಸಾಲದ 45,000 ತೀರಿಸಿದೆ. ಕೊಟ್ಟಿದ್ದ ಖಾಲಿ ಚೆಕ್ಕು, ಸಹಿ ಮಾಡಿದ ಪತ್ರ ಎರಡನ್ನೂ ಕೈಗೆ ತೆಗೆದುಕೊಂಡ ಮೇಲೆಯೇ ಎದ್ದು ಬಂದೆ.

ಕೈಯಲ್ಲಿ 12,000 ಮಿಕ್ಕಿತ್ತು. ಒಡವೆ ಸಾಲಕ್ಕೆ ಕಟ್ಟೋಣ ಎಂದೆ. ಮನೆಯಾಕೆ ಬೇಡವೆಂದಳು. ಆಪತ್ತಿನ ಗಂಟು ಎಂದು ಬೇರೆ ಇಟ್ಟೆವು. ಅವಳ ಮಾತೇ ಸರಿಯಾಯಿತು.

2023ರಲ್ಲಿ ಮಳೆ ಕೈ ಕೊಟ್ಟಿತು. ರಾಜ್ಯವೆಲ್ಲ ಬರ. ಜುಲೈಗೆ ಮೈಕ್ರೋ ಫೈನಾನ್ಸ್ ಮುಗಿದು ಒಡವೆ ಸಾಲ ಒಂದೇ ಉಳಿದಿದ್ದರೂ, ಬೋರ್‌ನಲ್ಲಿ ನೀರು ಇಳಿದು ಸೊಪ್ಪಿನ ಮಡಿ ಅರ್ಧಕ್ಕರ್ಧ ಒಣಗಿದವು. ಮೋಟಾರು ಸುಟ್ಟು ಎತ್ತಿಸಿ ವೈಂಡಿಂಗ್ ಮಾಡಿಸಲು 9,000 ಆಯಿತು. ಹಿಂದಿನ ಹಾಗಾಗಿದ್ದರೆ ಮತ್ತೆ ನೂರಕ್ಕೆ ಮೂರರ ಬಾಗಿಲಿಗೆ ಹೋಗಬೇಕಿತ್ತು. ಗಂಟಿನಿಂದ ತೆಗೆದು ಕೊಟ್ಟೆ. ಹತ್ತು ತಿಂಗಳು ಸಾಲಕ್ಕೆ 5,000 ಮಾತ್ರ ಕಟ್ಟಿದೆ. ಖುಷಿಯ ಕವರನ್ನು 750ಕ್ಕೆ ಇಳಿಸಿದೆ, ಸೊನ್ನೆ ಮಾಡಲಿಲ್ಲ. 2024ರ ಮಳೆಗಾಲದಿಂದ ಮತ್ತೆ 9,000. ಆ ವರ್ಷದ ದಸರಾಕ್ಕೆ ಒಡವೆ ಬಿಡಿಸಿ ತಂದೆ. ಒಟ್ಟು 33 ತಿಂಗಳು.

ಲೆಕ್ಕ ಸುಳ್ಳು ಹೇಳಬಾರದು. ಈ 33 ತಿಂಗಳಲ್ಲಿ ಖುಷಿಗೆಂದು 42,000 ರೂ. ಹೋಗಿದೆ. ಅದನ್ನೂ ಸಾಲಕ್ಕೇ ಕಟ್ಟಿದ್ದರೆ ಐದು ತಿಂಗಳು ಮೊದಲೇ ತೀರುತ್ತಿತ್ತು. ಕಾಗದದ ಮೇಲೆ ಅದೇ ಸರಿ. ಆದರೆ ಎಲ್ಲ ಬಿಟ್ಟ ಪ್ರಯೋಗ ನನ್ನ ಮನೆಯಲ್ಲಿ ನಡೆದದ್ದು ಮೂರೇ ತಿಂಗಳು.

ನೆನಪಿಡಬೇಕಾದದ್ದು

* ಎಲ್ಲ ಸಾಲವನ್ನೂ ಮನೆಯವರ ಎದುರು ಒಂದೇ ಪುಟದಲ್ಲಿ ಬರೆಯಿರಿ. ಉದ್ರಿಯ ಗುಪ್ತ ಬಡ್ಡಿಯನ್ನೂ ಹುಡುಕಿ.
* ಬಡ್ಡಿಯನ್ನು ತಿಂಗಳ ಲೆಕ್ಕದಿಂದ ವರ್ಷದ ಲೆಕ್ಕಕ್ಕೆ ತಿರುಗಿಸಿ ನೋಡಿ.
* ಕೈಸಾಲಕ್ಕೆ ಕಟ್ಟಿದ ಪ್ರತಿ ಹಣಕ್ಕೂ ಸಹಿ ಹಾಕಿಸಿಕೊಳ್ಳಿ.
* ಸಾಲ ತೀರಿಸಲು ಹೆಚ್ಚು ಬಡ್ಡಿಯ ಸಾಲ ಮಾಡಬೇಡಿ. ಕಮ್ಮಿ ಬಡ್ಡಿಗೆ ಬದಲಿಸುವುದಾದರೆ ಸರಿ.
* ಮೈಕ್ರೋ ಫೈನಾನ್ಸ್ ಸಾಲಕ್ಕೆ 2022ರ ರಿಸರ್ವ್ ಬ್ಯಾಂಕ್ ನಿಯಮವಿದೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಕೊಡುವವರು ಮರೆತರೂ ನಾವು ಮರೆಯಬಾರದು.
* ವಿಪರೀತ ಬಡ್ಡಿ ವಸೂಲಿ ತಡೆಯಲು ರಾಜ್ಯದಲ್ಲಿ 2004ರ ಕಾಯ್ದೆ ಇದೆ. ಸಣ್ಣ ಸಾಲದವರ ಮೇಲಿನ ಬಲವಂತ ತಡೆಯಲು 2025ರಲ್ಲೂ ಕಾನೂನು ಬಂದಿದೆ. ಮನೆ ಮುಂದೆ ಬಂದು ಹೆದರಿಸಿದರೆ ಬಾಯಿ ಮುಚ್ಚಿ ಕೂರಬೇಡಿ, ಪೊಲೀಸರಿಗೆ ದೂರು ಕೊಡಿ.

ಆದಾಯಕ್ಕಿಂತ ಮನೆ ಖರ್ಚೇ ಹೆಚ್ಚಿರುವವರಿಗೆ ಈ ಕವರಿನ ಲೆಕ್ಕ ನಡೆಯದು. ಅವರು ಮೊದಲು ವಾರಕ್ಕೊಮ್ಮೆ ದುಡ್ಡು ಕಾಣುವ ಬೆಳೆಯನ್ನೋ ಹಾಲನ್ನೋ ಹಿಡಿಯಬೇಕು. ವರ್ಷಕ್ಕೊಮ್ಮೆ ಬರುವ ರಾಗಿಯೊಂದನ್ನೇ ನಂಬಿದ್ದರೆ ನನಗೂ ಕಂತು ಕಟ್ಟಲು ಆಗುತ್ತಿರಲಿಲ್ಲ.

ಟಿನ್ ಫ್ಯಾಕ್ಟರಿಯಲ್ಲಿ ಈಗ ತಲೆ ಮೇಲೆ ಮೆಟ್ರೋ ಓಡುತ್ತದೆ. ನಮ್ಮ ಬಸ್ಸು ಮಾತ್ರ ಅಲ್ಲೇ ಕೆಳಗೆ ನಿಲ್ಲುತ್ತದೆ. ಸಾಲದ ಕವರು ಇನ್ನೂ ಇದೆ. ಅದರ ಮೇಲೆ "ಬೋರ್‌ವೆಲ್" ಎಂದು ಬರೆದಿದ್ದೇನೆ. ಹೂವಿನ ತಾತ ಸಿಕ್ಕರೆ ಚಹಾದ ದುಡ್ಡು ನಾನೇ ಕೊಡುತ್ತೇನೆ. ಬರುವ ವರ್ಷ ದುರ್ಯೋಧನನ ಪಾತ್ರ ಮತ್ತೆ ತೆಗೆದುಕೊಳ್ಳಪ್ಪ ಎಂದು ಮೇಷ್ಟರು ಹೇಳಿದ್ದಾರೆ. ವಿದುರನೇ ಸಾಕು ಎಂದಿದ್ದೇನೆ.