ಚಳಿಗಾಲದ ಎಳೆಗರು: ಮೊದಲ ದಿನದ ಆರೈಕೆ



ಬೀದರ್, ವಿಜಯಪುರದ ಕಡೆ ಚಳಿ ಏರಿದಾಗ ಶೀತಗಾಳಿಯ ಎಚ್ಚರಿಕೆಯನ್ನು ನೀವು ಪತ್ರಿಕೆಯಲ್ಲಿ ಓದುತ್ತೀರಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಪ್ರದೇಶದ ಕನಿಷ್ಠ ತಾಪಮಾನ 10 ಡಿಗ್ರಿಗೆ, ಕರಾವಳಿಯದ್ದು 15 ಡಿಗ್ರಿಗೆ ಇಳಿದು, ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇದ್ದರೆ ಶೀತಗಾಳಿ. ಕಂಕನಾಡಿಯಲ್ಲಿ ಜನವರಿಯ ಮುಂಜಾನೆ ಸಾಮಾನ್ಯವಾಗಿ 20ರ ಆಸುಪಾಸು ಇರುತ್ತದೆ. ಹಾಗಾಗಿ "ನಮಗೆಂಥ ಚಳಿ ಡಾಕ್ಟ್ರೇ?" ಎಂದು ಕೇಳುವವರೇ ಹೆಚ್ಚು.

ದೊಡ್ಡ ಹಸುವಿನ ಮಟ್ಟಿಗೆ ಈ ಮಾತು ಸರಿ. ಮೈ ಒಣಗಿದ್ದು ಹೊಟ್ಟೆ ತುಂಬಿದ್ದರೆ ಅದು ಬೀದರಿನ ಚಳಿಯನ್ನೂ ತಡೆಯುತ್ತದೆ. ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಹುಟ್ಟುವ ಬಿಸಿಯೇ ಅದಕ್ಕೆ ಕಂಬಳಿ. ನಮ್ಮ ಹಸುಗಳಿಗೆ ನಿಜವಾಗಿ ಕಷ್ಟ ಕೊಡುವುದು ಮಧ್ಯಾಹ್ನದ ಸೆಖೆ.

ಎಳೆಗರುವಿಗೆ ಈ ಸೌಕರ್ಯವಿಲ್ಲ. ಮೊದಲ ಮೂರು ವಾರ, ಮೈ ಒಣಗಿದ್ದರೂ, ಸುಮಾರು 15 ಡಿಗ್ರಿಗಿಂತ ಕೆಳಗೆ ಅದು ಬಿಸಿ ಉಳಿಸಿಕೊಳ್ಳಲು ತನ್ನ ಕೊಬ್ಬನ್ನೇ ಉರಿಸಬೇಕು. ಮೈ ಒದ್ದೆಯಾಗಿ ಮೂಡಣ ಗಾಳಿ ಬೀಸಿದರೆ 20 ಡಿಗ್ರಿಯಲ್ಲೇ ನಡುಗುತ್ತದೆ. ಘಟ್ಟದ ಬುಡದ ಸುಳ್ಯ, ಬೆಳ್ತಂಗಡಿಯವರು ಇನ್ನಷ್ಟು ಜಾಗ್ರತೆ ವಹಿಸಬೇಕು. ಹುಟ್ಟುವಾಗ ಕರುವಿನ ಮೈಯಲ್ಲಿರುವ ಕೊಬ್ಬು ಒಂದು ದಿನಕ್ಕೂ ಸಾಲದು. ಅದು ಮುಗಿಯುವುದರೊಳಗೆ ಗಿಣ್ಣುಹಾಲು ಒಳಗೆ ಹೋಗಬೇಕು.

ಕರುವಿಗೆ ಭೇದಿ, ಉಸಿರಾಟದ ತೊಂದರೆ ಎಂದು ನನಗೆ ಕರೆ ಬರುವುದು ಹೆಚ್ಚಾಗಿ ಎಂಟನೇ ಹತ್ತನೇ ದಿನಕ್ಕೆ. ಕೇಳುತ್ತಾ ಹೋದರೆ ಬಹಳ ಸಲ ಕಾರಣ ಸಿಗುವುದು ಮೊದಲ ದಿನದಲ್ಲಿ. ನಡುಗುವ ಕರು ಚೀಪುವುದಿಲ್ಲ. ಗಿಣ್ಣುಹಾಲಿನ ರೋಗನಿರೋಧಕ ಅಂಶವನ್ನು ಹೀರುವ ಶಕ್ತಿ ಕರುಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. 24 ಗಂಟೆಯಲ್ಲಿ ಅದು ಮುಗಿದೇ ಹೋಗುತ್ತದೆ. ಸತ್ತೆ ಬೀಳಲಿ, ಆಮೇಲೆ ಕುಡಿಸೋಣ ಎಂದು ಕಾಯುವ ಪದ್ಧತಿಯನ್ನು ದಯವಿಟ್ಟು ಬಿಡಿ. 30 ಕಿಲೋ ತೂಕದ ಕರುವಿಗೆ 3 ಲೀಟರ್ ಬೇಕು. ಅರ್ಧವನ್ನು ಎರಡು ಗಂಟೆಯೊಳಗೆ, ಉಳಿದದ್ದನ್ನು 12 ಗಂಟೆಯೊಳಗೆ ಕುಡಿಸಿ.

ಕರು ಬಿದ್ದ ಕೂಡಲೇ ಒಣ ಗೋಣಿಯಿಂದ ಮೈಯನ್ನು ಚೆನ್ನಾಗಿ ತಿಕ್ಕಿ. ಬಾಯಿಗೆ ಬೆರಳಿಟ್ಟು ನೋಡಿ. ಬಾಯಿ ತಣ್ಣಗಿದ್ದು ಬೆರಳು ಚೀಪದಿದ್ದರೆ ಗೊಟ್ಟದಲ್ಲಿ ಹಾಲು ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ 37.8 ಡಿಗ್ರಿಗಿಂತ (100 ಫ್ಯಾರನ್‌ಹೀಟ್) ಕಡಿಮೆ ತೋರಿಸಿದರೆ ಮೊದಲು ಮೈ ಬಿಸಿ ಮಾಡಿ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ, ತಲೆ ಮೇಲಿರುವಂತೆ ಹಿಡಿದು ಮುಳುಗಿಸಿ, ಪೂರ್ತಿ ಒಣಗಿಸಿ, ಗೋಣಿ ಹೊದಿಸಿ, ಪಶುವೈದ್ಯರಿಗೆ ಫೋನ್ ಮಾಡಿ. ಚೀಪಲು ತೊಡಗಿದ ಮೇಲೆ ಹಾಲು.

ನಮ್ಮ ಊರಿನಲ್ಲಿ ಚಳಿಗಿಂತ ಹೆಚ್ಚು ಹಾನಿ ಮಾಡುವುದು ಮುಂಜಾನೆ ಐದು ಗಂಟೆಯ ಪೈಪಿನ ನೀರು ಎಂದೇ ನನ್ನ ಅಭಿಪ್ರಾಯ. ಹಟ್ಟಿ ತೊಳೆಯುವ ರಭಸಕ್ಕೆ ಕರುವೂ ಒದ್ದೆ, ಸಿಮೆಂಟ್ ನೆಲವೂ ಒದ್ದೆ. ರಬ್ಬರ್ ಮ್ಯಾಟ್ ಹಾಕಿದ್ದೇವೆ ಎನ್ನುತ್ತೀರಿ. ಎತ್ತಿ ನೋಡಿ, ಅಡಿಯಲ್ಲಿ ನೀರು ನಿಂತಿರುತ್ತದೆ. ಕರು ಕಟ್ಟುವ ಮೂಲೆಯನ್ನು ಗುಡಿಸಿದರೆ ಸಾಕು. ಅಲ್ಲಿ ಒಣ ಬೈಹುಲ್ಲನ್ನೋ ತರಗೆಲೆಯನ್ನೋ ದಪ್ಪಗೆ ಹಾಸಿ. ಅದರ ಮೇಲೆ ಅರ್ಧ ನಿಮಿಷ ಮೊಣಕಾಲೂರಿ. ನಿಮ್ಮ ಬಟ್ಟೆ ಒದ್ದೆಯಾದರೆ ಹಾಸು ಬದಲಿಸಿ.

ಗಾಳಿ ತಡೆಯಲು ಹಟ್ಟಿಯನ್ನು ಸುತ್ತಲೂ ಟಾರ್ಪಾಲಿನಿಂದ ಮುಚ್ಚುವುದೂ ತಪ್ಪು. ಗಂಜಲದ ಘಾಟು ಒಳಗೇ ಉಳಿದು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಪೂರ್ವದ ಬದಿಗೆ ಮೂರಡಿ ಎತ್ತರ ಮರೆ ಕಟ್ಟಿ, ಮೇಲ್ಭಾಗ ತೆರೆದಿಡಿ. ಕರು ಮಲಗುವಲ್ಲಿ ಕುಳಿತು ಉಸಿರೆಳೆದಾಗ ಕಣ್ಣು ಉರಿದರೆ ಮರೆ ಹೆಚ್ಚಾಗಿದೆ ಎಂದರ್ಥ. ಸೊಳ್ಳೆಯ ಹೊಗೆಯನ್ನು ಕರುವಿನ ಹತ್ತಿರ ಹಾಕಬೇಡಿ.

ಇನ್ನು ಹಾಲಿನ ವಿಷಯ. ಸೊಸೈಟಿಯ ಕ್ಯಾನಿಗೆ ಹೋಗುವ ಹಾಲಿನಲ್ಲಿ ಕರುವಿಗೆಂದು ಅರ್ಧ ಲೀಟರ್ ಹೆಚ್ಚು ತೆಗೆದಿಡುವುದು ಯಾರಿಗೂ ಸುಲಭವಲ್ಲ. ಆದರೂ ಚಳಿಯ ವಾರಗಳಲ್ಲಿ ಅಷ್ಟನ್ನು ಕೊಡಿ, ಕರೆದ ಬಿಸಿಯಲ್ಲೇ ಕೊಡಿ. ಮುಂದೆ ಎರಡೂವರೆ, ಮೂರು ವರ್ಷಕ್ಕೆ ಕರು ಹಾಕಬೇಕಾದ ಕಡಸು ಅದೇ ತಾನೇ?