ಟರ್ಮಿನಲ್ ಮುಚ್ಚಿದರೂ ಉಳಿಯಬೇಕೆ?

ಉಬುಂಟುವಿನ ಟರ್ಮಿನಲ್‌ನಲ್ಲಿ ‘ಡೇಟ್’ ಎಂದು ಹೊಡೆದರೆ ಸಾಮಾನ್ಯವಾಗಿ ವಾರ, ತಿಂಗಳು ಇಂಗ್ಲಿಷಿನಲ್ಲಿ ಬರುತ್ತವೆ. ‘ಎಕ್ಸ್‌ಪೋರ್ಟ್ ಎಲ್‌ಸಿ_ಟೈಮ್=ಕೆಎನ್_ಐಎನ್’ ಎಂಬ ಸಾಲು ಕೊಟ್ಟು ಮತ್ತೆ ಡೇಟ್ ಕೇಳಿ, ಕನ್ನಡದಲ್ಲಿ ಬರುತ್ತದೆ. (ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಟೈಪಿಸಬೇಕಾದ್ದು ಇಂಗ್ಲಿಷ್ ಅಕ್ಷರಗಳನ್ನೇ. ಎಲ್‌ಸಿ, ಟೈಮ್, ಐಎನ್, ಮುಂದೆ ಬರುವ ಲ್ಯಾಂಗ್, ಪಾತ್, ಹೋಮ್ ಮತ್ತು ‘-ಯುಎಕ್ಸ್’ನ ಯು ದೊಡ್ಡಕ್ಷರ, ಉಳಿದವು ಚಿಕ್ಕವು.) ಈಕ್ವಲ್ ಚಿಹ್ನೆಯ ಆಚೀಚೆ ಜಾಗ ಬಿಡಬೇಡಿ. ಬದಲಾಗದಿದ್ದರೆ ಕನ್ನಡ ಲೊಕೇಲ್ (ಭಾಷೆ-ಪ್ರದೇಶದ ಸಜ್ಜಿಕೆ) ಇಲ್ಲವೆಂದೇ ಬಹುಮಟ್ಟಿಗೆ ಅರ್ಥ. ‘ಸುಡೊ ಲೊಕೇಲ್-ಜೆನ್ ಕೆಎನ್_ಐಎನ್’ ಕೊಟ್ಟು ಅದೇ ಟರ್ಮಿನಲ್‌ನಲ್ಲಿ ಮತ್ತೆ ಡೇಟ್ ಕೇಳಿ. ಎಲ್ಲ ಸಂದೇಶಗಳ ಭಾಷೆಗೂ ಸೇರಿದ ‘ಲ್ಯಾಂಗ್’ ಬದಲಿಸುವುದಕ್ಕಿಂತ ಇದೇ ವಾಸಿ: ದೋಷದ ಸಂದೇಶಗಳು ಇಂಗ್ಲಿಷಿನಲ್ಲೇ ಇದ್ದರೆ ಹುಡುಕಲು ಸುಲಭ.

ಖುಷಿಯಿಂದ ಟರ್ಮಿನಲ್ ಮುಚ್ಚಿ ತೆರೆದರೆ ಮತ್ತೆ ಇಂಗ್ಲಿಷ್! 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಿಂದಲೂ ಕ್ರಮ ಹೀಗೇ. ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್‌ಗಳನ್ನು ಕೇಳಿಸಿಕೊಳ್ಳುವ ಶೆಲ್, ತಾನು ಓಡಿಸುವ ಪ್ರೋಗ್ರಾಮ್‌ಗಳಿಗೆ ಎಲ್‌ಸಿ_ಟೈಮ್‌ನಂಥ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಪ್ರತಿ ಕೊಡುತ್ತದೆ. ಶೆಲ್ ಹೋದರೆ ಅವೂ ಹೋದವು. ಉಳಿಯಬೇಕಾದರೆ, ಶೆಲ್ ಪ್ರತಿ ಸಲ ಏಳುವಾಗ ಓದುವ ಕಡತದಲ್ಲಿ ಆ ಸಾಲು ಇರಬೇಕು.

ಯಾವ ಶೆಲ್ ಎಂದು ‘ಎಕೋ $0’ ಹೇಳುತ್ತದೆ (ಫಿಶ್‌ನಲ್ಲಿ ಮಾತ್ರ ಇದು ನಡೆಯದು). ಬ್ಯಾಶ್ ಆದರೆ ‘ನ್ಯಾನೋ ~/.ಬ್ಯಾಶ್‌ಆರ್‌ಸಿ’ ತೆರೆದು ಕೊನೆಯಲ್ಲಿ ಸಾಲು ಸೇರಿಸಿ, ಉಳಿಸಿ, ‘ಸೋರ್ಸ್ ~/.ಬ್ಯಾಶ್‌ಆರ್‌ಸಿ’ ಕೊಡಿ. ಜಡ್‌ಶೆಲ್ ಆದರೆ (2019ರ ಕ್ಯಾಟಲಿನಾದಿಂದ ಮ್ಯಾಕ್‌ನಲ್ಲಿ ಅದೇ) ಕಡತ ‘.ಜಡ್‌ಎಸ್‌ಎಚ್‌ಆರ್‌ಸಿ’. ಫಿಶ್‌ನಲ್ಲಿ ಕಡತದ ರಗಳೆಯೇ ಇಲ್ಲ, ‘ಸೆಟ್ -ಯುಎಕ್ಸ್ ಎಲ್‌ಸಿ_ಟೈಮ್ ಕೆಎನ್_ಐಎನ್’ ಸಾಕು.

ಬೇರೆ ಕಂಪ್ಯೂಟರಿಗೆ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆದಾಗ ಕಥೆ ಬೇರೆ. ಆಗ ಬ್ಯಾಶ್ ‘.ಬ್ಯಾಶ್_ಪ್ರೊಫೈಲ್’, ‘.ಬ್ಯಾಶ್_ಲಾಗಿನ್’, ‘.ಪ್ರೊಫೈಲ್’ ಇವನ್ನು ಇದೇ ಸರದಿಯಲ್ಲಿ ಹುಡುಕಿ, ಮೊದಲು ಸಿಕ್ಕಿದ್ದನ್ನು ಮಾತ್ರ ಓದುತ್ತದೆ. ಉಬುಂಟುವಿನ ‘.ಪ್ರೊಫೈಲ್’ ತಾನೇ ‘.ಬ್ಯಾಶ್‌ಆರ್‌ಸಿ’ಯನ್ನೂ ಓದಿಸುತ್ತದೆ. ಯಾರದೋ ಮಾತು ಕೇಳಿ ಹೊಸದಾಗಿ ‘.ಬ್ಯಾಶ್_ಪ್ರೊಫೈಲ್’ ಮಾಡಿದಿರೋ, ಹಳೆಯ ‘.ಪ್ರೊಫೈಲ್’ ಅನ್ನು ಬ್ಯಾಶ್ ಮೂಸಿಯೂ ನೋಡದು. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಅಂತೂ ಇವ್ಯಾವನ್ನೂ ತಾನಾಗಿ ಓದುವುದಿಲ್ಲ. ಅದಕ್ಕೆ ಬೇಕಾದ್ದನ್ನು ಕ್ರಾನ್‌ಟ್ಯಾಬ್‌ನಲ್ಲೇ ಬರೆಯಬೇಕು.

ಕಮಾಂಡ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಶೆಲ್‌ಗೆ ಹೇಳುವ ‘ಪಾತ್’ ಮುಟ್ಟುವಾಗ ಮಾತ್ರ ಎಚ್ಚರ. ಸರಿಯಾದ ಸಾಲು: ‘ಎಕ್ಸ್‌ಪೋರ್ಟ್ ಪಾತ್="$ಹೋಮ್/ಬಿನ್:$ಪಾತ್"’. ಹೊಸ ಟರ್ಮಿನಲ್‌ನಲ್ಲಿ ಪರೀಕ್ಷಿಸುವ ತನಕ ಹಳೆಯದನ್ನು ಮುಚ್ಚಬೇಡಿ. ಒಮ್ಮೆ ನಾನು ಕೊನೆಯ ‘:$ಪಾತ್’ ಮರೆತೆ. ‘ಎಲ್‌ಎಸ್’ ಎಂದರೂ ಕಮಾಂಡ್ ಇಲ್ಲ, ‘ನ್ಯಾನೋ’ ಎಂದರೂ ಇಲ್ಲ. ಹತ್ತು ನಿಮಿಷ ಬೆವರಿದ ಮೇಲೆ ಹೊಳೆಯಿತು, ಪೂರ್ತಿ ವಿಳಾಸ ಕೊಟ್ಟರೆ ಪಾತ್‌ನ ಹಂಗಿಲ್ಲ. ‘/ಬಿನ್/ನ್ಯಾನೋ ~/.ಬ್ಯಾಶ್‌ಆರ್‌ಸಿ’ ಎಂದೆ. ಕಡತ ತೆರೆಯಿತು, ಬಿಟ್ಟುಹೋದ ಆರು ಅಕ್ಷರ ಸೇರಿಸಿದೆ.